ವಿನ್ಯಾಸ, ಛಾಯಾಗ್ರಹಣ, ಕೈಕಸುಬು: ಮೂರನ್ನೂ ಒಬ್ಬರದೇ ಕೆಲಸವಾಗಿ ತೋರಿಸುವುದು ಹೇಗೆ?

ಮಸಿಬೊಟ್ಟು:

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ಗ್ರಾಫಿಕ್ ವಿನ್ಯಾಸವೇ ನನ್ನ ಜೀವನೋಪಾಯ. ಪುಸ್ತಕಗಳ ಮುಖಪುಟ, ಭಿತ್ತಿಪತ್ರ, ಸಂಸ್ಥೆಗಳ ಲಾಂಛನ ಇವು ನಿತ್ಯದ ಕೆಲಸ. ಅದರ ಜೊತೆಜೊತೆಗೇ ಒಣಗಿದ ಎಲೆ, ಬೀಜ, ಸವೆದ ಬಟ್ಟೆ ಇಂಥ ಸಣ್ಣ ವಸ್ತುಗಳನ್ನು ಹತ್ತಿರದಿಂದ ಛಾಯಾಚಿತ್ರ ತೆಗೆಯುತ್ತ ಬಂದಿದ್ದೇನೆ. ಕಳೆದ ನಾಲ್ಕು ವರ್ಷಗಳಲ್ಲಿ ಕೈಯಿಂದ ಪುಸ್ತಕ ಹೊಲಿಯುವುದನ್ನೂ ಲಿನೋಲಿಯಂ ಹಾಳೆಯನ್ನು ಕೆತ್ತಿ ಅಚ್ಚೊತ್ತುವ ಲಿನೋ ಕೆತ್ತನೆಯನ್ನೂ ಬಿಸಿಲಿನಿಂದ ಕಾಗದದ ಮೇಲೆ ನೀಲಿ ಚಿತ್ರ ಮೂಡಿಸುವ ಸಯಾನೋಟೈಪ್ ಮುದ್ರಣವನ್ನೂ ಕಲಿತಿದ್ದೇನೆ.

ಇತ್ತೀಚೆಗೆ ಒಂದು ಪ್ರದರ್ಶನಕ್ಕಾಗಿ ಪೋರ್ಟ್‌ಫೋಲಿಯೊ ಸಲ್ಲಿಸಿದಾಗ, ಆಯ್ಕೆ ಸಮಿತಿಯಲ್ಲಿದ್ದ ಹಿರಿಯರೊಬ್ಬರು "ಇದು ಮೂವರು ಬೇರೆ ಬೇರೆ ವ್ಯಕ್ತಿಗಳ ಕೆಲಸದಂತೆ ಕಾಣುತ್ತದೆ" ಎಂದರು. ಆ ಮಾತು ನೋಯಿಸಿತು, ಏಕೆಂದರೆ ಅದರಲ್ಲಿ ನಿಜವಿದೆ ಎಂದು ನನಗೂ ಅನ್ನಿಸಿತು. ಸದ್ಯ ನನ್ನ ಸಂಗ್ರಹದಲ್ಲಿ ವಿನ್ಯಾಸಕ್ಕೊಂದು, ಛಾಯಾಚಿತ್ರಕ್ಕೊಂದು, ಕೈಕಸುಬಿಗೊಂದು ಎಂದು ಮೂರು ವಿಭಾಗಗಳಿವೆ. ಇವುಗಳನ್ನು ಹೆಣೆಯುವುದು ಹೇಗೆ? ಯಾವುದನ್ನಾದರೂ ಬಿಟ್ಟುಬಿಡಬೇಕೆ? ಹೊಲಿದ ಪುಸ್ತಕಗಳನ್ನು ನಾನು ಚಿತ್ರ ತೆಗೆದಾಗ ಅವು ಅಂಗಡಿಯ ಸರಕಿನ ಪಟ್ಟಿಯಲ್ಲಿರುವಂತೆ ಸಪ್ಪೆಯಾಗಿ ಕಾಣುತ್ತವೆ. ಅದಕ್ಕೂ ಪರಿಹಾರ ತಿಳಿದವರು ದಯವಿಟ್ಟು ಹೇಳಬೇಕು.

ಅಚ್ಚುಮೊಳೆ:

ಮೊದಲು ಒಂದು ಸಮಾಧಾನದ ಮಾತು: ಈ ಮೂರು ಕೆಲಸಗಳ ನಡುವಿನ ಗೋಡೆ ನಾವು ಭಾವಿಸುವಷ್ಟು ಹಳೆಯದಲ್ಲ. ನೀವು ಕಲಿತಿರುವ ಸಯಾನೋಟೈಪನ್ನೇ ನೋಡಿ. ವಿಜ್ಞಾನಿ ಜಾನ್ ಹರ್ಷೆಲ್ ಆ ವಿಧಾನವನ್ನು ಕಂಡುಹಿಡಿದದ್ದು 1842ರಲ್ಲಿ. ಮರುವರ್ಷವೇ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞೆ ಆನಾ ಆಟ್ಕಿನ್ಸ್ ಅವರು ಕಡಲ ಪಾಚಿಗಳನ್ನು ನೇರವಾಗಿ ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡಿ ಪಡೆದ ಚಿತ್ರಗಳನ್ನು ಕಂತುಕಂತಾಗಿ ಹೊರತರತೊಡಗಿದರು. ಪ್ರತಿ ಪಾಚಿಯ ಹೆಸರನ್ನೂ ತಮ್ಮ ಕೈಬರಹದಲ್ಲೇ ಬರೆದು, ಆ ಬರಹವನ್ನೂ ಅದೇ ನೀಲಿಯಲ್ಲಿ ಮೂಡಿಸಿದರು. ಆ ಪುಟಗಳಲ್ಲಿ ಛಾಯಾಚಿತ್ರ ಎಲ್ಲಿ ಮುಗಿಯಿತು, ಅಕ್ಷರ ವಿನ್ಯಾಸ ಎಲ್ಲಿ ಶುರುವಾಯಿತು, ಕೈಕೆಲಸ ಯಾವುದು ಎಂದು ಬಿಡಿಸಿ ಹೇಳಲು ಯಾರಿಗೂ ಸಾಧ್ಯವಿಲ್ಲ.

ಇನ್ನೊಂದು ಉದಾಹರಣೆ ನಿಮಗೆ ಇನ್ನೂ ಹತ್ತಿರವಾದದ್ದು. ಛಾಯಾಚಿತ್ರಗಳನ್ನು ಕತ್ತರಿಸಿ ಜೋಡಿಸುವ ಫೋಟೋಮಾಂಟಾಜ್ ಕಲೆಗೆ ಹೆಸರಾದ ಜರ್ಮನ್ ಕಲಾವಿದೆ ಹನ್ನಾ ಹೋಖ್ ಅವರು 1916ರಿಂದ 1926ರವರೆಗೆ ಬರ್ಲಿನ್ನಿನ ಉಲ್‌ಸ್ಟೈನ್ ಪ್ರಕಾಶನದ ಕೈಕಸುಬು ವಿಭಾಗದಲ್ಲಿ ಉದ್ಯೋಗಿಯಾಗಿದ್ದು, ಕಸೂತಿ ಮತ್ತು ಲೇಸಿನ ಮಾದರಿಗಳನ್ನು ರಚಿಸುತ್ತಿದ್ದರು. ಲೇಸಿನ ತುಣುಕುಗಳೂ ಹೊಲಿಗೆಯ ನಕ್ಷೆಕಾಗದಗಳೂ ಅವರ ಕಲಾಕೃತಿಗಳೊಳಗೆ ಬಂದು ಕೂತವು. ಹೊಟ್ಟೆಪಾಡಿನ ಕೆಲಸ ಬೇರೆ, ಸ್ವಂತ ಕಲೆ ಬೇರೆ ಎಂದು ಅವರು ಎರಡು ಪೆಟ್ಟಿಗೆ ಇಟ್ಟುಕೊಳ್ಳಲಿಲ್ಲ. ಹತ್ತು ವರ್ಷಗಳ ಉದ್ಯೋಗವೇ ಅವರ ಕಲೆಗೆ ಸಾಮಗ್ರಿ ಒದಗಿಸಿತು.

ಆದ್ದರಿಂದ ನನ್ನ ಸಲಹೆ ಇಷ್ಟು: ಮಾಧ್ಯಮದ ಪ್ರಕಾರ ವಿಂಗಡಿಸುವುದನ್ನು ಬಿಟ್ಟು ವಸ್ತುವಿನ ಪ್ರಕಾರ ಜೋಡಿಸಿ. ಒಂದು ಬೀಜದ ಛಾಯಾಚಿತ್ರ, ಅದೇ ಬೀಜದ ರೂಪದಿಂದ ಹುಟ್ಟಿದ ಮುಖಪುಟ, ಅದೇ ಆಕಾರದ ಲಿನೋ ಅಚ್ಚು ಅಕ್ಕಪಕ್ಕ ಬಂದರೆ, ನೋಡುವವರಿಗೆ ಒಂದೇ ಕಣ್ಣು ಕಾಣುತ್ತದೆ. ಹಾಗೆ ಜೋಡಿಸಲು ಹೊರಟಾಗ ಯಾವ ಕೃತಿಗೂ ಅಂಟಿಕೊಳ್ಳದೆ ಉಳಿಯುವ ಕೆಲಸಗಳೇ ಬಿಡಬೇಕಾದವು.

ನೀಲಿಹಾಳೆ:

ಅಚ್ಚುಮೊಳೆಯವರ ಮಾತನ್ನು ಒಪ್ಪುತ್ತೇನೆ, ಆದರೆ ಅಕ್ಕಪಕ್ಕ ಇಟ್ಟ ಮಾತ್ರಕ್ಕೆ ಮೂರು ಕೆಲಸಗಳು ಒಂದಾಗುವುದಿಲ್ಲ. ಒಂದು ಕಸುಬಿನ ಕಟ್ಟುಪಾಡು ಇನ್ನೊಂದು ಕಸುಬಿನ ತೀರ್ಮಾನವನ್ನು ಬದಲಿಸಿದಾಗ ಮಾತ್ರ ಅವು ನಿಜವಾಗಿ ಬೆಸೆದುಕೊಳ್ಳುತ್ತವೆ. ಇದನ್ನು ನಾನು ಕಲಿತದ್ದು ಹದಿನಾರು ಪುಟಗಳ ಒಂದು ಸಯಾನೋಟೈಪ್ ಪುಸ್ತಕವನ್ನು ಮೂರು ಬಾರಿ ಕೆಡಿಸಿದ ಮೇಲೆ.

ಸಯಾನೋಟೈಪಿನಲ್ಲಿ ಹಿಗ್ಗಿಸುವ ಅವಕಾಶವಿಲ್ಲ. ಪಾರದರ್ಶಕ ಹಾಳೆಯ ಮೇಲಿನ ನೆಗೆಟಿವ್ ಎಷ್ಟಿದೆಯೋ ಚಿತ್ರವೂ ಅಷ್ಟೇ. ಹೀಗಾಗಿ ಕ್ಯಾಮೆರಾ ಎತ್ತುವ ಮೊದಲೇ ಪುಟದ ಅಳತೆ ನಿರ್ಧಾರವಾಗಿರಬೇಕು. ನೆಗೆಟಿವ್‌ನ ಮಸಿಯಿರುವ ಬದಿ ಕಾಗದಕ್ಕೆ ತಾಗಿದರೆ ಗೆರೆ ಚೊಕ್ಕವಾಗಿ ಬರುತ್ತದೆ, ಅದಕ್ಕಾಗಿ ಇಡೀ ಪುಟವನ್ನು ಕನ್ನಡಿಬಿಂಬವಾಗಿ ತಿರುಗಿಸಿ ಮುದ್ರಿಸಿಕೊಳ್ಳಬೇಕು. ನೀಲಿ ನೆಲದ ಮೇಲೆ ಬಿಳಿ ಅಕ್ಷರ ಬರುವಂತೆ ವಿನ್ಯಾಸ ಮಾಡಿದರೆ, ನಮ್ಮ ಲಿಪಿಯ ಒತ್ತಕ್ಷರಗಳ ತೆಳು ಗೆರೆಗಳಿಗೆ ನೀಲಿ ನುಗ್ಗಿ ಮುಚ್ಚಿಹೋಗುತ್ತವೆ. ಮೊದಲ ಸಲ ನಾನು ಆರಿಸಿದ್ದ ಸೊಗಸಾದ ತೆಳು ಫಾಂಟ್ ಹೀಗೆಯೇ ಹಾಳಾಯಿತು. ಕೊನೆಗೆ ಗೆರೆಯ ದಪ್ಪವನ್ನೂ ಸಾಲುಗಳ ನಡುವಿನ ಜಾಗವನ್ನೂ ಹೆಚ್ಚಿಸಿದೆ, ಆ ಬದಲಾವಣೆಯಿಂದ ಪುಟಕ್ಕೊಂದು ನಿಧಾನ ಬಂತು. ಕಂಪ್ಯೂಟರಿನ ಮುಂದೆ ಕೂತು ಅದು ನನಗೆ ಎಂದೂ ಹೊಳೆಯುತ್ತಿರಲಿಲ್ಲ.

ಎರಡನೆಯ ಸೋಲು ಹೊಲಿಗೆಯದು. ಕಾಗದದ ನಾರುಗಳು ಒಂದು ದಿಕ್ಕಿಗೆ ಮಲಗಿರುತ್ತವೆ, ನೀರು ತಾಗಿದಾಗ ಅದು ಆ ದಿಕ್ಕಿಗೆ ಅಡ್ಡಲಾಗಿ ಹೆಚ್ಚು ಹಿಗ್ಗುತ್ತದೆ. ಸಯಾನೋಟೈಪನ್ನು ನೀರಿನಲ್ಲಿ ತೊಳೆಯಲೇಬೇಕಾದ್ದರಿಂದ, ಮೊದಲೇ ರಂಧ್ರ ಚುಚ್ಚಿಟ್ಟಿದ್ದ ನನ್ನ ಹಾಳೆಗಳು ಒಣಗಿದ ಮೇಲೆ ಒಂದಕ್ಕೊಂದು ಹೊಂದಲಿಲ್ಲ. ತೊಳೆದು, ಒಣಗಿಸಿ, ಭಾರವಿಟ್ಟು ಸಮತಟ್ಟು ಮಾಡಿದ ಮೇಲೆಯೇ ಮಡಿಸಿ ಚುಚ್ಚಬೇಕು. ಹಾಳೆಯ ನಾರಿನ ದಿಕ್ಕೂ ರಟ್ಟಿನ ನಾರಿನ ದಿಕ್ಕೂ ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿರಬೇಕು, ಇಲ್ಲದಿದ್ದರೆ ರಟ್ಟು ಸೊಟ್ಟಗಾಗುತ್ತದೆ, ಪುಟ ಸಲೀಸಾಗಿ ತೆರೆದುಕೊಳ್ಳುವುದಿಲ್ಲ.

ಮೂರನೆಯದು ನನ್ನನ್ನು ಹೆಚ್ಚು ಕಾಡಿತು. ಆಮ್ಲರಹಿತವೆಂದು ಕೊಂಡ ಒಳ್ಳೆಯ ಕಾಗದದಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಕ್ಷಾರ ಸೇರಿಸಿದ್ದರು. ಸಯಾನೋಟೈಪಿನ ನೀಲಿ ಎಂದರೆ ಪ್ರಶ್ಯನ್ ನೀಲಿ, ಅದಕ್ಕೆ ಕ್ಷಾರ ಆಗದು. ಬಣ್ಣ ಕ್ರಮೇಣ ಕಂದಿತು. ಬೇರೆಲ್ಲ ಮುದ್ರಣಗಳನ್ನು ಕಾಪಾಡುವ ಕಾಗದವೇ ಇದಕ್ಕೆ ಶತ್ರು, ಆದ್ದರಿಂದ ಕ್ಷಾರ ಸೇರಿಸದ ಹತ್ತಿಕಾಗದವನ್ನೇ ಕೇಳಿ ತನ್ನಿ.

ನಿಮ್ಮ ಸಂಗ್ರಹದಲ್ಲಿ ಇಂಥ ಸೋತ ಪುಟಗಳನ್ನೂ ಒಂದೆರಡು ಸೇರಿಸಿ ಎಂದು ಮನಸಾರೆ ಕೇಳಿಕೊಳ್ಳುತ್ತೇನೆ. ಮೂವರು ವ್ಯಕ್ತಿಗಳಂತೆ ಕಾಣುವ ಕೆಲಸದ ಹಿಂದೆ ಒಬ್ಬರೇ ಇದ್ದಾರೆಂಬುದಕ್ಕೆ ಅವೇ ಸಾಕ್ಷಿ.

ಓರೆಬೆಳಕು:

ಚಿತ್ರ ತೆಗೆಯುವ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಚಪ್ಪಟೆಯಾದ ಮುದ್ರಣಗಳಿಗೂ ಗಾತ್ರವಿರುವ ವಸ್ತುಗಳಿಗೂ ಬೇರೆ ಬೇರೆ ಬೆಳಕು ಬೇಕು. ಲಿನೋ ಅಚ್ಚಿನ ಹಾಳೆಗೆ ಎಡಬಲಗಳಿಂದ 45 ಡಿಗ್ರಿ ಕೋನದಲ್ಲಿ ಸಮನಾದ ಎರಡು ದೀಪಗಳನ್ನಿಟ್ಟು, ಕ್ಯಾಮೆರಾವನ್ನು ಹಾಳೆಗೆ ಸರಿಯಾಗಿ ಸಮಾನಾಂತರವಾಗಿ ಹಿಡಿಯಿರಿ. ಹೊಲಿದ ಪುಸ್ತಕಕ್ಕೆ ಅದೇ ಬೆಳಕು ಕೊಟ್ಟರೆ ನೆರಳುಗಳೆಲ್ಲ ಅಳಿಸಿಹೋಗಿ, ನೀವು ಹೇಳಿದ ಸಪ್ಪೆತನ ಬರುತ್ತದೆ. ಅದಕ್ಕೆ ಒಂದೇ ಬದಿಯಿಂದ, ಮೇಜಿನ ಮಟ್ಟಕ್ಕೆ ಹತ್ತಿರದಿಂದ ಬರುವ ಕಿಟಕಿಯ ಬೆಳಕು ಸಾಕು. ದಾರದ ಉಬ್ಬು, ಕಾಗದದ ಹರಿದ ಅಂಚು, ರಟ್ಟಿನ ಮೇಲಿನ ಬಟ್ಟೆಯ ನೇಯ್ಗೆ ಎಲ್ಲವೂ ಎದ್ದು ಬರುತ್ತವೆ. ಪುಟ ತಿರುವುತ್ತಿರುವ ಒಂದು ಕೈಯನ್ನು ಸೇರಿಸಿದರೆ ಅಳತೆ ತಾನಾಗಿ ತಿಳಿಯುತ್ತದೆ. ಬಣ್ಣ ಸರಿಹೊಂದಿಸಲು ಮೊದಲ ಚಿತ್ರದಲ್ಲಿ ಬೂದುಬಣ್ಣದ ಕಾರ್ಡ್ ಇಟ್ಟುಕೊಳ್ಳುವುದನ್ನು ಮರೆಯಬೇಡಿ; ಅದಿಲ್ಲದೆ ನೀಲಿ ಮುದ್ರಣಗಳ ಬಣ್ಣ ಪರದೆಯ ಮೇಲೆ ಸುಲಭವಾಗಿ ದಾರಿ ತಪ್ಪುತ್ತದೆ.

ನೀವು ಎಲೆ ಮತ್ತು ಬೀಜಗಳನ್ನು ಇಷ್ಟು ವರ್ಷ ಗಮನವಿಟ್ಟು ಚಿತ್ರಿಸಿದವರು. ನಿಮ್ಮ ಪುಸ್ತಕಗಳನ್ನೂ ಅದೇ ಗಮನದಿಂದ, ಒಂದು ಬೀಜವನ್ನು ನೋಡಿದಂತೆಯೇ ನೋಡಿ ಎಂಬುದೊಂದೇ ನನ್ನ ವಿನಂತಿ.

ಮಸಿಬೊಟ್ಟು:

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ನಿನ್ನೆ ರಾತ್ರಿ ಎಲ್ಲ ಕೆಲಸಗಳ ಸಣ್ಣ ಪ್ರತಿಗಳನ್ನು ನೆಲದ ಮೇಲೆ ಹರಡಿ, ವಸ್ತುವಿನ ಪ್ರಕಾರ ಗುಂಪು ಮಾಡಿದೆ. ಐದು ಗುಂಪುಗಳಾದವು. ಎಲ್ಲಿಯೂ ಸೇರದೆ ಉಳಿದವುಗಳಲ್ಲಿ ಹೆಚ್ಚಿನವು ಲಾಂಛನಗಳು, ಅವನ್ನು ಉದ್ಯೋಗಕ್ಕಾಗಿ ಬೇರೆಯೇ ಕಡತದಲ್ಲಿ ಇಡುತ್ತೇನೆ. ಸವೆದ ಬಟ್ಟೆಯ ಛಾಯಾಚಿತ್ರಗಳ ಪಕ್ಕದಲ್ಲಿ ನಾನು ಹೊಲಿದ ಮೊದಲ ಪುಸ್ತಕವನ್ನಿಟ್ಟಾಗ, ಅದರ ದಾರ ಸಾಗುವ ರೀತಿ ಆ ಚಿತ್ರಗಳ ಎಳೆಗಳಂತೆಯೇ ಇರುವುದು ಕಂಡಿತು. ನಾಲ್ಕು ವರ್ಷಗಳಿಂದ ನನ್ನ ಬಳಿಯೇ ಇದ್ದರೂ ನಾನದನ್ನು ನೋಡಿರಲಿಲ್ಲ. ನೀಲಿಹಾಳೆಯವರೇ, ಆ ಪುಸ್ತಕದ ಕಾಗದದಲ್ಲಿ ಕ್ಷಾರವಿದೆಯೇ ಎಂದು ಪರೀಕ್ಷಿಸಲು ಪಿಎಚ್ ಪೆನ್ನು ತರಿಸುತ್ತಿದ್ದೇನೆ, ಫಲಿತಾಂಶವನ್ನು ಇಲ್ಲಿಯೇ ಬರೆಯುತ್ತೇನೆ.