ಅಪ್‌ಡೇಟ್: ಫೆಂಡರ್ ಫ್ಲೇರ್ ಅಡಿಯ ತುಕ್ಕು, ಕೊನೆಗೆ ಏನಾಯ್ತು

ಮೂರು ವಾರದ ಹಿಂದೆ ಕೇಳಿದ್ದೆ: ಮಿಶಿಗನ್ ಚಳಿಗಾಲದ ರಸ್ತೆ ಉಪ್ಪಿಗೆ ನನ್ನ ಪಿಕಪ್ ಟ್ರಕ್ಕಿನ ಫೆಂಡರ್ ಫ್ಲೇರ್ (ಚಕ್ರದ ಮೇಲಿನ ಕಮಾನಿಗೆ ಕೂರಿಸುವ ಅಗಲ ಅಂಚುಪಟ್ಟಿ) ಅಡಿ ತುಕ್ಕು ಹಿಡಿಯದ ಹಾಗೆ ಏನು ಮಾಡಲಿ ಅಂತ. ನಾಲ್ಕೂ ಫ್ಲೇರ್ ಬಿಚ್ಚಿದೆ. ಒಳಗೆಲ್ಲ ಒದ್ದೆ ಮರಳು. ರಬ್ಬರ್ ಅಂಚು ಕೂತಿದ್ದ ಕಡೆ ಸ್ಯಾಂಡ್‌ಪೇಪರ್ ಉಜ್ಜಿದ ಹಾಗೆ ಬಣ್ಣ ಸವೆದು, ಹಿಂದಿನ ಚಕ್ರದ ಮೇಲೆ ಕಂದು ಗೆರೆ ಎದ್ದಿತ್ತು.

ಅಂಚಿಗೆ ಸಿಲಿಕೋನ್ ಹಚ್ಚಿ ಅಂದವರು ಬೇಜಾರಾಗಬೇಡಿ. ಒಂದು ಚಕ್ರಕ್ಕೆ ಹಚ್ಚಿ ನೀರು ಹೊಡೆದು ನೋಡಿದೆ. ಒಳಗೆ ನುಗ್ಗಿದ ನೀರು ಮರುದಿನವೂ ಅಲ್ಲೇ ನಿಂತಿತ್ತು!

ಕೆಲಸಕ್ಕೆ ಬಂದದ್ದು ಫಿಲ್ಮ್, ಅಂದರೆ ಬಣ್ಣ ಕಾಯುವ ತೆಳು ಪ್ಲಾಸ್ಟಿಕ್ ಹಾಳೆ, ಅಂಟಿಸಿ ಅನ್ನುವ ಸಲಹೆ. ತುಕ್ಕು ಉಜ್ಜಿ ತೆಗೆದು, ಪ್ರೈಮರ್, ಟಚ್‌ಅಪ್ ಬಣ್ಣ ಹಾಕಿ, ಚೆನ್ನಾಗಿ ಒಣಗಿದ ಮೇಲೆ ರಬ್ಬರ್ ತಾಗುವ ಕಡೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಅಂಟಿಸಿದೆ. ಬೋಲ್ಟ್ ತೂತುಗಳಿಗೆ ಲ್ಯಾನೊಲಿನ್ ಸ್ಪ್ರೇ. ಅದು ಕುರಿ ಉಣ್ಣೆಯ ಜಿಡ್ಡು, ವಾಸನೆಯೂ ಹಾಗೇ. ಹೆಂಡತಿ ಗ್ಯಾರೇಜಿಗೇ ಕಾಲಿಡುತ್ತಿಲ್ಲ.

ನನಗೆ ಮೊದಲು ಗೊತ್ತಿಲ್ಲದಿದ್ದ ಒಂದು ವಿಷಯ: ಉಪ್ಪು ತೊಳೆಯದೆ ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ನಾನು ಸುಮ್ನೆ ಹೀಟರ್ ಹಾಕಿ ಮುದ್ದು ಮಾಡಿದ್ದೇ ಬಂತು.

ಎರಡು ಸಲ ಹಿಮ ಬಿದ್ದ ಮೇಲೆ ನಿನ್ನೆ ಒಂದು ಫ್ಲೇರ್ ಬಿಚ್ಚಿ ನೋಡಿದೆ. ಫಿಲ್ಮ್ ಮೇಲೆ ಗೀರು ಬಿದ್ದಿದೆ, ಕೆಳಗಿನ ಬಣ್ಣ ಹಾಗೇ ಇದೆ.