ಐದು ವರ್ಷದ ಮಗಳಿಗೆ ಮನೆಯಲ್ಲಿ ಓದು, ಲೆಕ್ಕ ಅಭ್ಯಾಸ ಮಾಡಿಸುವುದು ಹೇಗೆ?

ಪ್ರಶ್ನೆ (ಕೆಜಿ ಮಗುವಿನ ಅಮ್ಮ):

ನನ್ನ ಮಗಳಿಗೆ ಈಗ ಐದು ವರ್ಷ. ಅ ದಿಂದ ಳ ವರೆಗೆ ಗಡಗಡ ಅಂತ ಹೇಳುತ್ತಾಳೆ. ನೂರರವರೆಗೆ ಎಣಿಸುತ್ತಾಳೆ. ಆದರೆ ನಡುವಿನ ಒಂದು ಅಕ್ಷರ ತೋರಿಸಿ ಇದೇನು ಅಂದರೆ, ಮೊದಲಿಂದ ಹೇಳಿಕೊಂಡು ಬಂದು ಅಲ್ಲಿ ನಿಲ್ಲುತ್ತಾಳೆ. ಏಳು ಚಮಚ ಇಟ್ಟು ಎಷ್ಟಿವೆ ಅಂತ ಕೇಳಿದರೆ ಬೆರಳು ಒಂದು ಕಡೆ, ಬಾಯಿ ಒಂದು ಕಡೆ. ಒಮ್ಮೆ ಎಂಟು ಅನ್ನುತ್ತಾಳೆ, ಇನ್ನೊಮ್ಮೆ ಆರು. ವರ್ಕ್‌ಶೀಟ್ ತೆಗೆದರೆ ಸಾಕು, ಅಳು ಶುರು. ದಿನಕ್ಕೆ ಎಷ್ಟು ಹೊತ್ತು ಕೂರಿಸಬೇಕು? ಜಾಸ್ತಿ ಬರೆಸಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ (ಕೆಜಿ ಟೀಚರ್):

ಮೇಡಂ, ನಾನು ಈ ವಯಸ್ಸಿನ ಮಕ್ಕಳಿಗೇ ಪಾಠ ಮಾಡುವವಳು. ನಿಮ್ಮ ಮಗಳ ಥರದ ಮಕ್ಕಳು ಪ್ರತಿ ವರ್ಷ ನನ್ನ ಕ್ಲಾಸಿಗೆ ಬರುತ್ತಾರೆ. ಅವಳಿಗೆ ಬಾಯಿಪಾಠ ಬಂದಿದೆ, ಅದು ವ್ಯರ್ಥವಲ್ಲ. ಇನ್ನು ಪಳಗಬೇಕಾದದ್ದು ಕಿವಿ ಮತ್ತು ಕೈ. ಬರೆಸುವುದನ್ನು ಸದ್ಯಕ್ಕೆ ಬದಿಗಿಡಿ.

ಲೆಕ್ಕದಲ್ಲಿ ಅವಳಿಗೆ ಎರಡು ವಿಷಯ ಗಟ್ಟಿಯಾಗಬೇಕು. ಒಂದು ವಸ್ತುವಿಗೆ ಒಂದೇ ಸಂಖ್ಯೆ. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು. ಚಮಚಗಳನ್ನು ಸುಮ್ನೆ ಮುಟ್ಟಿ ಎಣಿಸುವ ಬದಲು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕುತ್ತಾ ಎಣಿಸಲಿ. ಆಗ ಎಣಿಸಿದ್ದು ಯಾವುದು, ಉಳಿದದ್ದು ಯಾವುದು ಅಂತ ಕಣ್ಣಿಗೇ ಕಾಣುತ್ತದೆ. ಆಮೇಲೆ "ನನಗೆ ನಾಲ್ಕು ಕೊಡು" ಅನ್ನಿ. ಎಷ್ಟಿದೆ ಅಂತ ಹೇಳುವುದಕ್ಕಿಂತ ಇದು ಕಷ್ಟ. ಎಣಿಸದೆ ಒಂದು ಹಿಡಿ ಎತ್ತಿ ಕೊಟ್ಟರೆ, ನಾಲ್ಕು ಅಂದರೆ ಎಷ್ಟು ಅನ್ನುವುದು ಅವಳಿಗೆ ಇನ್ನೂ ಕೂತಿಲ್ಲ ಅಂತ ತಿಳಿಯಿರಿ. ಬೈಯಬೇಡಿ. ಎರಡು, ಮೂರಕ್ಕೆ ಇಳಿಯಿರಿ. ಹತ್ತರೊಳಗೇ ಆಡಿಸಿ, ನೂರಕ್ಕೆ ಅವಸರ ಬೇಡ.

ಇನ್ನೊಂದು ಆಟ ನನಗೆ ತುಂಬಾ ಇಷ್ಟ. ಐದು ಗುಂಡಿಗಳನ್ನು ಹತ್ತಿರ ಹತ್ತಿರ ಇಟ್ಟು ಎಣಿಸಲು ಹೇಳಿ. ನಂತರ ಅವಳ ಎದುರಿಗೇ ದೂರ ದೂರ ಸರಿಸಿ, ಈಗ ಎಷ್ಟು ಅಂತ ಕೇಳಿ. ಈ ವಯಸ್ಸಿನ ಅನೇಕ ಮಕ್ಕಳು "ಜಾಸ್ತಿ ಆಯ್ತು" ಅನ್ನುತ್ತಾರೆ. ನೀವು ಉತ್ತರ ಹೇಳಿಕೊಡಬೇಡಿ, ಮತ್ತೆ ಎಣಿಸಲಿ. ಅಷ್ಟೇ ಇವೆ ಅಂತ ತಾನೇ ಕಂಡುಕೊಂಡಾಗ ಮಗುವಿನ ಮುಖ ನೋಡಬೇಕು ಮೇಡಂ!

ಓದಿನಲ್ಲಿ ಮೊದಲು ಕಿವಿ. ಕಿಟಕಿ ಅನ್ನುವಾಗ ಮೂರು ಚಪ್ಪಾಳೆ: ಕಿ, ಟ, ಕಿ. ಅರಸದಿಂದ ಅ ತೆಗೆದರೆ ಏನು ಉಳಿಯಿತು? ರಸ. ಇದಕ್ಕೆ ಪುಸ್ತಕವೇ ಬೇಡ, ಬಟ್ಟೆ ಮಡಚುವಾಗಲೂ ಆಡಬಹುದು. ಅಕ್ಷರಗಳನ್ನು ವರ್ಣಮಾಲೆಯ ಸಾಲಿನಲ್ಲೇ ಕಲಿಸಬೇಕಿಲ್ಲ. ರ, ಗ, ಸ, ದ, ಅ ಇಷ್ಟನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಡಿ. ಅಷ್ಟರಲ್ಲೇ ಸರ, ದರ, ಅರಸ, ಸರಸರ, ಗರಗರ ಎಲ್ಲ ಓದಬಹುದು. ನಾನು ಓದಿದೆ ಅನ್ನುವ ಖುಷಿ ಮೊದಲ ವಾರದಲ್ಲೇ ಸಿಗುತ್ತದೆ. ಆ ಖುಷಿ ಸಿಗದ ಮಗುವಿಗೆ ಮುಂದಿನದೆಲ್ಲ ಭಾರ. ಬ ಮತ್ತು ಭ, ರ ಮತ್ತು ಠ ಇಂಥ ಒಂದೇ ಥರ ಕಾಣುವ ಜೋಡಿಗಳನ್ನು ಒಟ್ಟಿಗೆ ಕಲಿಸಬೇಡಿ. ಒಂದು ಚೆನ್ನಾಗಿ ಪರಿಚಯವಾದ ಮೇಲೆ ಇನ್ನೊಂದು. ಕಾಗುಣಿತವೂ ಹಾಗೆಯೇ. ಇಡೀ ಸಾಲು ಒಪ್ಪಿಸುವ ಮೊದಲು ಇಳಿ ಒಂದನ್ನೇ ಹಿಡಿಯಿರಿ: ದರ ದಾರ ಆಯಿತು, ಸರ ಸಾರ ಆಯಿತು.

ಹೊತ್ತು ಕೇಳಿದಿರಿ. ಹತ್ತು ನಿಮಿಷ ಸಾಕು, ದಿನಾ ಇರಲಿ. ಅವಳು "ಇನ್ನೊಂದು ಸಲ" ಅನ್ನುವಾಗಲೇ ಎದ್ದುಬಿಡಿ.

ಉತ್ತರ (ಅವಳಿ ಮಕ್ಕಳ ಅಪ್ಪ):

ಟೀಚರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ರಟ್ಟಿನ ಮೇಲೆ ಒಂದೇ ಸಾಲಿನಲ್ಲಿ ಹತ್ತು ಮನೆ ಬರೆದು 1ರಿಂದ 10ರವರೆಗೆ ಅಂಕಿ ಹಾಕಿ. ಒಂದು ಅಥವಾ ಎರಡು ಮಾತ್ರ ಬೀಳುವ ಹಾಗೆ ಚೀಟಿ ಎತ್ತಿಸಿ ಕಾಯಿ ನಡೆಸಿ. ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಮಣಿ ಎಂಬ ಸಂಶೋಧಕರು 2008ರಲ್ಲಿ ಇಂಥದೇ ಆಟದ ಬಗ್ಗೆ ಬರೆದಿದ್ದರು. ಅಂಕಿ ಇರುವ ಹಲಗೆಯಲ್ಲಿ ಆಡಿದ ಮಕ್ಕಳ ಸಂಖ್ಯಾಜ್ಞಾನ ಸುಧಾರಿಸಿತು. ಬರೀ ಬಣ್ಣದ ಮನೆಗಳಿದ್ದ ಹಲಗೆಯಲ್ಲಿ ಆಡಿದವರಿಗೆ ಆ ಲಾಭ ಆಗಲಿಲ್ಲ. ಆಡಿಸುವಾಗ ಒಂದು ಗಮನಿಸಿ. ಕಾಯಿ 4ರಲ್ಲಿದ್ದು ಎರಡು ಬಿದ್ದರೆ "ಒಂದು, ಎರಡು" ಅನ್ನಬಾರದು, "ಐದು, ಆರು" ಅಂತ ಮನೆಯ ಅಂಕಿಯನ್ನೇ ಹೇಳಬೇಕು. ನಮ್ಮ ಮಕ್ಕಳು ಕೂಡುವುದನ್ನು ಇದರಿಂದಲೇ ಹಿಡಿದುಕೊಂಡರು.

ಉತ್ತರ (ಅಜ್ಜಿ):

ಕಥೆ ಓದಿ ಹೇಳುವುದನ್ನು ಬಿಡಬೇಡಮ್ಮ. ಓದುವಾಗ ಸಾಲಿನ ಕೆಳಗೆ ಬೆರಳು ಓಡಲಿ. ನಡುವೆ ನಿಲ್ಲಿಸಿ "ಇವನು ಯಾಕೆ ಹೀಗೆ ಮಾಡಿದ? ಮುಂದೆ ಏನಾಗಬಹುದು?" ಅಂತ ಕೇಳು. ಒಂದೇ ಕಥೆ ದಿನಾ ಬೇಕು ಅಂದರೆ ದಿನಾ ಓದು. ನನ್ನ ಮೊಮ್ಮಗ ಮೊದಲು ತಾನಾಗಿ ಗುರುತಿಸಿದ ಪದಗಳು ಅಂಥ ಹಳೇ ಕಥೆಯವೇ.

ಕೆಜಿ ಮಗುವಿನ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೀಚರ್, ಇನ್ನೊಂದು ಕೇಳಲಾ? ಅವಳು 3 ಮತ್ತು 7ನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಉಲ್ಟಾ ಬರೆಯುತ್ತಾಳೆ. ಚಿಂತೆ ಮಾಡಬೇಕಾ?

ಕೆಜಿ ಟೀಚರ್:

ಐದು ವರ್ಷಕ್ಕೆ ಇದು ತುಂಬಾ ಸಾಮಾನ್ಯ. ಹೆಚ್ಚಿನ ಮಕ್ಕಳಲ್ಲಿ ಏಳರ ಹೊತ್ತಿಗೆ ತಾನಾಗಿ ಹೋಗುತ್ತದೆ. ಕೆಂಪು ಗೆರೆ ಎಳೆದು ತಪ್ಪು ಅಂತ ತೋರಿಸಬೇಡಿ. ಒದ್ದೆ ಬೆರಳಿನಿಂದ ನೆಲದ ಮೇಲೆ ದೊಡ್ಡದಾಗಿ ಬರೆಯಲಿ, ಎಲ್ಲಿಂದ ಶುರು ಮಾಡಬೇಕು ಅಂತ ಒಂದು ಚುಕ್ಕೆ ಇಟ್ಟುಕೊಡಿ. ಆದರೆ ಪುಸ್ತಕವನ್ನು ಕಣ್ಣಿಗೆ ತೀರಾ ಹತ್ತಿರ ಹಿಡಿಯುತ್ತಾಳಾ, ಹಿಂದಿನಿಂದ ಕರೆದರೆ ಓಗೊಡುತ್ತಾಳಾ, ಇವೆರಡನ್ನೂ ಗಮನಿಸಿ. ಅನುಮಾನ ಬಂದರೆ ಡಾಕ್ಟರಿಗೆ ತೋರಿಸಿ. ವರ್ಕ್‌ಶೀಟ್ ಬಗ್ಗೆ ಅವಳ ಟೀಚರ್ ಹತ್ತಿರ ನೇರವಾಗಿ ಮಾತಾಡಿ, ಮನೆಯಲ್ಲಿ ಅಳುತ್ತಾಳೆ ಅಂತಲೇ ಹೇಳಿ. ನೀವು ಹೇಳದೆ ಅವರಿಗೆ ಗೊತ್ತಾಗುವುದಿಲ್ಲ.