ಬೆಕ್ಕಿಗೆ ಪೆಟ್ಟಾಗಿದೆ, ಡಾಕ್ಟರ್ ಸಿಗೋದು ಸೋಮವಾರ. ಅಲ್ಲಿವರೆಗೆ ಏನು ಮಾಡಲಿ?

ಪ್ರಶ್ನೆ: ತೀರ್ಥಹಳ್ಳಿ ಕಡೆಯಿಂದ, ಶನಿವಾರ ರಾತ್ರಿ

ನಮ್ಮ ಮನೆಯ ಗಂಡು ಬೆಕ್ಕು ಎರಡು ದಿನದಿಂದ ನಾಪತ್ತೆಯಾಗಿತ್ತು. ಇವತ್ತು ಸಂಜೆ ಕುಂಟುತ್ತಾ ಬಂದಿದೆ. ಹಿಂದಿನ ಬಲಗಾಲು ನೆಲಕ್ಕೆ ಊರುತ್ತಿಲ್ಲ. ತೊಡೆಯ ಹತ್ತಿರ ಚರ್ಮ ಹರಿದಿದೆ, ಕೂದಲು ಅಂಟಿಕೊಂಡು ಗಟ್ಟಿಯಾಗಿದೆ, ಸ್ವಲ್ಪ ವಾಸನೆಯೂ ಇದೆ. ಮಂಚದ ಕೆಳಗೆ ಮೂಲೆ ಸೇರಿಬಿಟ್ಟಿದೆ. ಕೈ ಚಾಚಿದರೆ ಗುರ್ ಅನ್ನುತ್ತೆ. ಇಲ್ಲಿ ದನದ ಆಸ್ಪತ್ರೆಯಲ್ಲಿ ಡಾಕ್ಟರ್ ಸಿಗೋದು ಸೋಮವಾರ. ಶಿವಮೊಗ್ಗಕ್ಕೆ ಹೋಗೋಣ ಅಂದ್ರೆ ಬೆಳಗ್ಗೆವರೆಗೂ ಗಾಡಿ ಇಲ್ಲ. ಮನೆಯಲ್ಲಿ ಡೋಲೋ, ಡೆಟಾಲ್, ಬೆಟಾಡಿನ್ ಇವೆ. ಅತ್ತೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚೋಣ ಅಂತಿದ್ದಾರೆ. ಈ ರಾತ್ರಿ ಏನು ಮಾಡಲಿ? ಅನುಭವ ಇರೋರು ದಯವಿಟ್ಟು ಹೇಳಿ.

ಮೈಸೂರಿನಿಂದ, ಬೀದಿ ಬೆಕ್ಕುಗಳನ್ನು ನೋಡಿಕೊಳ್ಳುವವರು

ಅಕ್ಕ, ಗಾಯ ಆಮೇಲೆ ನೋಡೋಣ. ಮೊದಲು ಉಸಿರು ನೋಡಿ. ಮಂಚದ ಕೆಳಗಿಂದ ಎಳೆಯಬೇಡಿ. ದೂರದಲ್ಲೇ ಕೂತು, ಟಾರ್ಚ್ ಬೆಳಕು ಮುಖಕ್ಕೆ ಬೀಳದ ಹಾಗೆ ಹಿಡಿದು, ಪಕ್ಕೆ ಏರಿಳಿಯೋದನ್ನು ಒಂದು ನಿಮಿಷ ಎಣಿಸಿ. ಸುಮ್ನೆ ಮಲಗಿರುವ ಬೆಕ್ಕು ನಿಮಿಷಕ್ಕೆ 20ರಿಂದ 30 ಸಲ ಉಸಿರಾಡುತ್ತೆ. ನೋವು, ಹೆದರಿಕೆ ಇದ್ದಾಗ ಸ್ವಲ್ಪ ಜಾಸ್ತಿ ಇರಬಹುದು. ಅರ್ಧ ಗಂಟೆ ಬಿಟ್ಟು ಮತ್ತೆ ಎಣಿಸಿದಾಗಲೂ 40 ದಾಟುತ್ತಿದ್ದರೆ, ಹೊಟ್ಟೆ ಎಳೆದೆಳೆದು ಉಸಿರಾಡುತ್ತಿದ್ದರೆ, ಅಥವಾ ಬಾಯಿ ತೆರೆದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಯಾರನ್ನಾದರೂ ಎಬ್ಬಿಸಿ ಗಾಡಿ ಹೊರಡಿಸಿ. ನಾಯಿ ಬಾಯಿ ಬಿಟ್ಟು ತೇಕೋದು ಮಾಮೂಲಿ. ಪೆಟ್ಟು ತಿಂದ ಬೆಕ್ಕು ಹಾಗೆ ತೇಕಿದರೆ ಎದೆಯೊಳಗೆ ಏನೋ ಆಗಿದೆ ಅಂತಲೇ ತಿಳಿಯಿರಿ.

ಮುಟ್ಟೋಕೆ ಬಿಟ್ಟರೆ ತುಟಿ ಎತ್ತಿ ವಸಡು ನೋಡಿ. ತಿಳಿ ಗುಲಾಬಿ ಇರಬೇಕು. ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನ ಒಳಗೆ ಬಣ್ಣ ವಾಪಸ್ ಬರಬೇಕು. ಕೆಲವು ಬೆಕ್ಕುಗಳ ವಸಡೇ ಕಪ್ಪು, ಆಗ ಕಣ್ಣಿನ ಕೆಳರೆಪ್ಪೆಯ ಒಳಗಡೆ ನೋಡಿ. ಬಿಳಿಚಿಕೊಂಡಿದ್ದರೆ, ಕಿವಿ, ಪಂಜ ಎಲ್ಲ ತಣ್ಣಗಿದ್ದರೆ ಒಳಗೆ ರಕ್ತ ಹೋಗುತ್ತಿರಬಹುದು. ಅದು ಕೂಡ ಈಗಲೇ ಹೊರಡುವ ಕೇಸು. ಗಾಯದಿಂದ ರಕ್ತ ಸುರಿಯುತ್ತಿದ್ದರೆ ಹಳೇ ಕಾಟನ್ ಪಂಚೆಯ ತುಂಡು ಮಡಚಿ ಐದು ನಿಮಿಷ ಬಿಡದೆ ಒತ್ತಿ. ನಿಂತಿತಾ ಅಂತ ಮಧ್ಯೆ ಎತ್ತಿ ಎತ್ತಿ ನೋಡಿದರೆ ಹೆಪ್ಪುಗಟ್ಟಿದ್ದು ಕಿತ್ತು ಬರುತ್ತೆ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದಿಡಿ. ಹಗ್ಗ, ರಬ್ಬರ್ ಬ್ಯಾಂಡ್ ಬಿಗಿಯೋದು ಬೇಡವೇ ಬೇಡ.

ಉಸಿರು, ಬಣ್ಣ ಎರಡೂ ಸರಿ ಇದ್ದರೆ ಈ ರಾತ್ರಿ ನಿಮ್ಮ ಕೆಲಸ ಚಿಕಿತ್ಸೆ ಅಲ್ಲ, ಕಾವಲು. ಮಂಚ, ಅಟ್ಟ, ಮೆಟ್ಟಿಲು ಇಲ್ಲದ ಸಣ್ಣ ಕೋಣೆಗೆ ಸೇರಿಸಿ. ಬಚ್ಚಲು ಒಣಗಿದ್ದರೆ ಅದೇ ಸಾಕು. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಒಂದು ಪಕ್ಕಕ್ಕಿಡಿ. ಬಿಸಿ ಬೇಡ ಅನಿಸಿದರೆ ಸರಿಯೋಕೆ ಅದಕ್ಕೆ ಜಾಗ ಇರಲಿ. ಒಂದು ತಗ್ಗು ತಟ್ಟೆಯಲ್ಲಿ ನ್ಯೂಸ್ ಪೇಪರ್ ಹರಿದು ಹಾಕಿ. ಮಣ್ಣು, ಮರಳು, ಬೂದಿ ಬೇಡ, ಗಾಯಕ್ಕೆ ಮೆತ್ತಿಕೊಳ್ಳುತ್ತೆ. ಪೇಪರ್ ಆದರೆ ಒದ್ದೆಯಾಯಿತಾ ಇಲ್ವಾ ಅನ್ನೋದೂ ಗೊತ್ತಾಗುತ್ತೆ. ಬೆಳಗ್ಗೆ ಡಾಕ್ಟರ್ ಮೊದಲು ಕೇಳುವ ಪ್ರಶ್ನೆ ಅದೇ ಆಗಿರಬಹುದು.

ಹಾಸನದಿಂದ, ಪಶುವೈದ್ಯೆ

ಡೋಲೋ ಕೊಡಲೇಬೇಡಿ. ಕಾಲು ಮಾತ್ರೆಯೂ ಬೇಡ. ಪ್ಯಾರಾಸಿಟಮಾಲ್ ಅನ್ನು ಒಡೆದು ಹೊರಹಾಕುವ ವ್ಯವಸ್ಥೆ ಬೆಕ್ಕಿನ ಲಿವರ್‌ನಲ್ಲಿ ತೀರಾ ದುರ್ಬಲ. ಹಾಗಾಗಿ ಔಷಧಿ ದೇಹದಲ್ಲೇ ವಿಷವಾಗುತ್ತೆ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಹೋಗುತ್ತೆ. ವಸಡು ಕಂದುಬಣ್ಣಕ್ಕೆ ತಿರುಗುತ್ತೆ, ಮುಖ ಮತ್ತು ಪಂಜ ಊದಿಕೊಳ್ಳುತ್ತೆ. 650ರ ಒಂದೇ ಮಾತ್ರೆ ದೊಡ್ಡ ಬೆಕ್ಕಿನ ಜೀವ ತೆಗೆಯಲು ಸಾಕು. ಮಕ್ಕಳ ಸಿರಪ್ ಪರವಾಗಿಲ್ವಾ ಅಂತ ಕೇಳುವವರಿದ್ದಾರೆ. ಕಾಲ್ಪಾಲ್, ಕ್ರೋಸಿನ್ ಸಿರಪ್ಪಿನಲ್ಲಿ ಇರೋದೂ ಅದೇ ಪ್ಯಾರಾಸಿಟಮಾಲ್. ಕಾಂಬಿಫ್ಲಾಮ್, ಬ್ರೂಫೆನ್, ಡೈಕ್ಲೋಫಿನಾಕ್ ಯಾವುದೂ ಬೇಡ. ಮನೆಯಲ್ಲಿ ಯಾರಾದರೂ ಈಗಾಗಲೇ ಕೊಟ್ಟುಬಿಟ್ಟಿದ್ದರೆ ಮುಚ್ಚಿಡಬೇಡಿ. ಬೇಗ ಬಂದರೆ ಅದಕ್ಕೆ ಮದ್ದಿದೆ. ಲೇಟಾದರೆ ಕಷ್ಟ.

ಡೆಟಾಲ್ ಕೂಡ ಬೇಡ. ಅದು ಫಿನಾಲ್ ಜಾತಿಗೆ ಸೇರಿದ್ದು, ಬೆಕ್ಕಿಗೆ ವಿಷ. ಬೆಕ್ಕು ಗಾಯ ನೆಕ್ಕದೆ ಬಿಡಲ್ಲ, ಹಚ್ಚಿದ್ದೆಲ್ಲ ಹೊಟ್ಟೆಗೆ ಹೋಗುತ್ತೆ.

ನಿಮ್ಮ ವಿವರದಲ್ಲಿ ನನಗೆ ಮುಖ್ಯ ಅನಿಸಿದ್ದು ವಾಸನೆ. ವಾಸನೆ ಇದೆ ಅಂದ್ರೆ ಗಾಯ ಇವತ್ತಿನದಲ್ಲ, ಒಂದೆರಡು ದಿನ ಆಗಿದೆ, ಕೀವು ಶುರುವಾಗಿದೆ. ಗಂಡು ಬೆಕ್ಕುಗಳ ಜಗಳದಲ್ಲಿ ಹಲ್ಲು ಆಳಕ್ಕೆ ಇಳಿದಿರುತ್ತೆ, ಮೇಲಿನ ಚರ್ಮ ಬೇಗ ಮುಚ್ಚಿಕೊಳ್ಳುತ್ತೆ, ಒಳಗೆ ಕೀವು ತುಂಬುತ್ತೆ. ಅದರ ನೋವಿಗೇ ಕಾಲೂರದೆ ಇರಬಹುದು. ಮೂಳೆ ಮುರಿದಿದೆಯೋ ಇಲ್ಲವೋ ಎಕ್ಸ್-ರೇ ತೆಗೆಯದೆ ಹೇಳೋಕೆ ಬರಲ್ಲ. ಕಡ್ಡಿ ಕಟ್ಟಿ ಪಟ್ಟಿ ಹಾಕೋಕೆ ಹೋಗಬೇಡಿ. ತೊಡೆಯ ಮೂಳೆಗೆ ಮನೆಯಲ್ಲಿ ಕಟ್ಟಿದ ಕಡ್ಡಿ ನಿಲ್ಲುವುದೂ ಇಲ್ಲ, ಜಾರಿ ಕೆಳಗಿಳಿದು ಮುರಿದ ಜಾಗಕ್ಕೇ ಭಾರ ಕೊಡುತ್ತೆ. ಕೀವು ಹಿಂಡಬೇಡಿ.

ಬೆಕ್ಕು ತಾನಾಗಿ ಬಿಟ್ಟರೆ ಮಾತ್ರ ಗಾಯ ತೊಳೆಯಿರಿ. ಅರ್ಧ ಲೀಟರ್ ನೀರು ಕುದಿಸಿ ಆರಿಸಿ, ಟೀ ಚಮಚದಲ್ಲಿ ಮಟ್ಟಸವಾಗಿ ಒಂದು ಚಮಚ ಉಪ್ಪು ಕರಗಿಸಿ. ಸೂಜಿ ತೆಗೆದ ಸಿರಿಂಜಿನಲ್ಲಿ ಮೇಲಿಂದ ಮೆಲ್ಲಗೆ ಹರಿಸಿ. ಉಜ್ಜಬೇಡಿ. ಅಂಟಿರುವ ಕೂದಲು ಕತ್ತರಿಸೋದು ಬೇಡ, ಕತ್ತರಿ ಚರ್ಮಕ್ಕೇ ತಾಗುತ್ತೆ. ಬೆಟಾಡಿನ್ ಹಾಕಲೇಬೇಕು ಅನಿಸಿದರೆ ಬಾಟಲಿಯ ದ್ರಾವಣವನ್ನು ತೆಳು ಟೀ ಬಣ್ಣ ಬರುವಷ್ಟು ನೀರಿಗೆ ಬೆರೆಸಿ. ಮುಲಾಮು ಬೇಡ. ಬೆಕ್ಕು ಬಿಡದಿದ್ದರೆ ತೊಳೆಯದೇ ಇದ್ದರೂ ಒಂದು ರಾತ್ರಿಗೆ ನಷ್ಟವಿಲ್ಲ. ಹಿಡಿದು ಗುದ್ದಾಡಿದರೆ ನಷ್ಟ ಇದೆ.

ಸಾಗರದಿಂದ

ಡಾಕ್ಟ್ರೇ, ಅರಿಶಿನ ವಿಷ ಅಂತ ನೀವೂ ಹೇಳಲ್ಲ ಅಲ್ವಾ? ನಮ್ಮ ಅಜ್ಜಿ ಕಾಲದಿಂದ ಹಚ್ಚಿದ್ದೇವೆ, ಹಚ್ಚಿದ ಬೆಕ್ಕುಗಳು ಮುದಿಯಾಗಿ ಸತ್ತಿವೆ. ಸಣ್ಣ ಪರಚು ಗಾಯಕ್ಕೆ ನಾನು ಈಗಲೂ ಹಚ್ಚುತ್ತೇನೆ. ಆದರೆ ಬೇರೆ ಕೆಲವು ಮನೆಮದ್ದು ನಿಜಕ್ಕೂ ಅಪಾಯ. ರಕ್ತ ನಿಲ್ಲಲಿ ಅಂತ ಕಾಫಿಪುಡಿ ಒತ್ತುತ್ತಾರೆ. ಅದನ್ನು ನೆಕ್ಕಿದರೆ ಬೆಕ್ಕಿನ ಎದೆಬಡಿತ ಎಕ್ಕುಟ್ಟಿ ಹೋಗುತ್ತೆ. ಹುಳ ಬಿದ್ದ ಗಾಯಕ್ಕೆ ದನಕ್ಕೆ ಹಾಕುವ ಟರ್ಪೆಂಟೈನ್, ನುಸಿಗುಳಿಗೆ ಪುಡಿ, ಹೊಗೆಸೊಪ್ಪಿನ ನೀರು ಹಾಕುವವರಿದ್ದಾರೆ. ದನದ ಗಾತ್ರ ಎಲ್ಲಿ, ಬೆಕ್ಕಿನ ಗಾತ್ರ ಎಲ್ಲಿ! ಮೂರೂ ಬೆಕ್ಕಿಗೆ ವಿಷ.

ಅಕ್ಕ, ನಮ್ಮ ಕಡೆ ಮಳೆಗಾಲದಲ್ಲಿ ವಾಸನೆ ಬರುವ ಗಾಯ ಅಂದ್ರೆ ನೊಣ ಕೂತಿದೆ ಅಂತ ಲೆಕ್ಕ. ಗಾಯದ ಸುತ್ತ ಕೂದಲ ಬುಡದಲ್ಲಿ ಬಿಳಿ ಸಣ್ಣ ಮೊಟ್ಟೆಗಳು ಗೊಂಚಲಾಗಿ ಅಂಟಿರುತ್ತವೆ. ಒಂದು ದಿನದೊಳಗೆ ಮರಿಯಾಗಿ ಒಳಗೆ ಇಳಿಯುತ್ತವೆ. ಟಾರ್ಚ್ ಹಾಕಿ ನೋಡಿ. ಇದ್ದರೆ ಹೇನು ಬಾಚಣಿಗೆಯಲ್ಲಿ ಬಾಚಿ ತೆಗೆಯಿರಿ. ಕೋಣೆಗೆ ನೊಣ ಬಾರದ ಹಾಗೆ ಸೊಳ್ಳೆಪರದೆ ಕಟ್ಟಿ.

ಹಾಸನದಿಂದ, ಪಶುವೈದ್ಯೆ

ಅರಿಶಿನ ವಿಷ ಅಲ್ಲ, ಒಪ್ಪಿದೆ. ಆದರೆ ಪುಡಿ ಮತ್ತು ಎಣ್ಣೆ ಸೇರಿ ಗಾಯದೊಳಗೆ ಗಸಿಯಾಗಿ ಕೂತಿರುತ್ತೆ. ಅದನ್ನು ಕೆರೆದು ತೆಗೆಯುವ ತನಕ ಗಾಯ ಎಷ್ಟು ಆಳ, ಚರ್ಮದ ಬಣ್ಣ ಏನು ಒಂದೂ ಕಾಣಲ್ಲ. ಕೆರೆಯುವಾಗ ನೋವು ಯಾರಿಗೆ? ಅತ್ತೆಯವರಿಗೆ ಹೀಗೇ ಹೇಳಿ, ಬೇಜಾರು ಮಾಡಿಕೊಳ್ಳಲ್ಲ.

ಹುಳ ಗಾಯದೊಳಗೆ ಇಳಿದಿದ್ದರೆ ಇಕ್ಕಳ ಹಾಕಿ ಅಗೆಯಬೇಡಿ. ಅದಕ್ಕೆ ಅರಿವಳಿಕೆ ಕೊಡಬೇಕಾಗುತ್ತೆ.

ಮಂಗಳೂರಿನಿಂದ

ಬೆಕ್ಕಿನ ಬಗ್ಗೆ ಎಲ್ಲರೂ ಹೇಳಿದರು, ನಿಮ್ಮ ಕೈ ಬಗ್ಗೆ ಯಾರೂ ಹೇಳಲಿಲ್ಲ. ಎಷ್ಟೇ ಸಾಧು ಬೆಕ್ಕಾದರೂ ನೋವಿನಲ್ಲಿ ಕಚ್ಚುತ್ತೆ. ಬೆಕ್ಕಿನ ಹಲ್ಲು ಸಣ್ಣದು, ತೂತು ಕಾಣಲ್ಲ, ಆದರೆ ಸೋಂಕು ಬೇಗ ಏರುತ್ತೆ. ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ತೊಳೆಯಿರಿ. ಆಮೇಲೆ ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಬಗ್ಗೆ ಕೇಳಿ. ನಾಯಿಯಿಂದ ಮಾತ್ರ ರೇಬೀಸ್ ಅನ್ನೋದು ತಪ್ಪು. ನಿಮ್ಮ ಬೆಕ್ಕು ಎರಡು ದಿನ ಹೊರಗಿತ್ತು, ಯಾವ ಪ್ರಾಣಿ ಕಚ್ಚಿದೆಯೋ ಗೊತ್ತಿಲ್ಲ. ಅದಕ್ಕೂ ಲಸಿಕೆ ಬೇಕಾ ಅಂತ ಡಾಕ್ಟರನ್ನು ಕೇಳಿ. ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ.

ಧಾರವಾಡದಿಂದ

ಒಯ್ಯೋದು ಹೆಂಗ ಅಂತ ಹೇಳ್ತೀನಿ ನೋಡ್ರಿ. ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟುವ ರೂಢಿ ಹಳ್ಳಿಯಲ್ಲಿ ಇನ್ನೂ ಇದೆ. ಕಾಲು ಮುರಿದ ಬೆಕ್ಕಿಗೆ ಅದು ಬೇಡ. ಒಳಗೆ ಮೈ ಮಡಚಿಕೊಳ್ಳುತ್ತೆ, ಉಸಿರು ಹಿಡಿಯುತ್ತಿದೆಯೋ ಇಲ್ಲವೋ ಕಾಣೋದೂ ಇಲ್ಲ. ತರಕಾರಿ ತರುವ ಪ್ಲಾಸ್ಟಿಕ್ ಕ್ರೇಟ್ ಎರಡು ತಗೊಳ್ಳಿ. ಒಂದರ ಮೇಲೆ ಇನ್ನೊಂದು ಬೋರಲು ಹಾಕಿ ನಾಲ್ಕೂ ಮೂಲೆ ಸುತಳಿಯಿಂದ ಬಿಗಿದರೆ ಗಟ್ಟಿ ಪಂಜರ. ಗಾಳಿ ಆಡುತ್ತೆ, ಮೇಲಿನದನ್ನು ಬಿಚ್ಚಿದರೆ ಡಾಕ್ಟರು ಬೆಕ್ಕನ್ನು ಎಳೆಯದೆ ನೋಡಬಹುದು. ತಳಕ್ಕೆ ಹಾಸುವ ಹಳೇ ಸೀರೆಯಲ್ಲಿ ಮನೆ ವಾಸನೆ ಇರಲಿ, ಅದಕ್ಕಾಗಿ ತೊಳೆದದ್ದು ಬೇಕಿಲ್ಲ. ಮೇಲಿಂದ ಟವೆಲ್ ಮುಚ್ಚಿ ಕತ್ತಲು ಮಾಡಿ, ಅರ್ಧ ಗಲಾಟೆ ಅಲ್ಲೇ ನಿಲ್ಲುತ್ತೆ.

ಎತ್ತುವಾಗ ಕುತ್ತಿಗೆ ಹಿಡಿದು ನೇತಾಡಿಸಬೇಡಿ. ದಪ್ಪ ಟವೆಲ್ ಮೈಮೇಲೆ ಹಾಕಿ, ಬೆನ್ನ ಹಿಂದಿನಿಂದ ಮೊರ ಅಥವಾ ದೊಡ್ಡ ತಟ್ಟೆ ಸರಿಸಿ, ಬೆಕ್ಕನ್ನು ಅದರ ಮೇಲೆ ಜಾರಿಸಿ. ಮೊರಕ್ಕೆ ಮೂರು ಕಡೆ ಅಂಚು ಇರೋದರಿಂದ ಉರುಳಲ್ಲ. ಪೆಟ್ಟಾದ ಕಾಲು ಮೇಲ್ಗಡೆ ಬರಲಿ.

ಬೆಂಗಳೂರಿನಿಂದ, ಅಪಾರ್ಟ್‌ಮೆಂಟ್ ವಾಸಿ

ನಮ್ಮದು ಬಾಲ್ಕನಿಯಿಂದ ಬಿದ್ದ ಬೆಕ್ಕು. ಎದ್ದು ನಡೆಯಿತು, ಬೆಕ್ಕಲ್ವಾ, ನಾಲ್ಕು ಕಾಲ ಮೇಲೆ ಬೀಳುತ್ತೆ ಅಂತ ಸೆಕ್ಯೂರಿಟಿಯವರು ನಕ್ಕರು. ಎಕ್ಸ್-ರೇ ತೆಗೆಸಿದಾಗ ಶ್ವಾಸಕೋಶದ ಸುತ್ತ ಗಾಳಿ ಸೇರಿತ್ತು, ಬಾಯಿಯ ಮೇಲ್ಭಾಗ ಸೀಳಿತ್ತು. ಹಾಗಾಗಿ ನಡೆಯುತ್ತಿದೆ, ತಿನ್ನುತ್ತಿದೆ ಅಂತ ಬೆಕ್ಕನ್ನು ನಂಬಬೇಡಿ. ನೋವು ಮುಚ್ಚಿಡೋದು ಅದರ ಹುಟ್ಟುಗುಣ.

ನೆಕ್ಕೋದು ತಡೆಯೋಕೆ ಒಂದು ಉಪಾಯ. ಮನೆಯಲ್ಲಿ ಯಾರದ್ದಾದರೂ ಹಳೇ ಎಕ್ಸ್-ರೇ ಶೀಟ್ ಇದ್ದೇ ಇರುತ್ತೆ. ವೃತ್ತಾಕಾರಕ್ಕೆ ಕತ್ತರಿಸಿ, ಮಧ್ಯೆ ಕುತ್ತಿಗೆಯಷ್ಟು ತೂತು ಮಾಡಿ, ಒಂದು ಕಡೆ ಸೀಳಿ ಲಾಳಿಕೆಯ ಹಾಗೆ ಸುತ್ತಿ ಟೇಪ್ ಹಾಕಿ. ಅಂಚಿಗೆಲ್ಲ ಬಟ್ಟೆ ಟೇಪ್ ಸುತ್ತಲೇಬೇಕು, ಇಲ್ಲದಿದ್ದರೆ ಕುತ್ತಿಗೆ ಕೊಯ್ಯುತ್ತೆ. ಬೆರಳು ಎರಡು ಆರಾಮಾಗಿ ಒಳಗೆ ಹೋಗಬೇಕು. ಉಸಿರಿಗೆ ತೊಂದರೆ ಇರುವ ಬೆಕ್ಕಿಗೆ ಹಾಕಬೇಡಿ.

ಮೈಸೂರಿನಿಂದ

ಮರೆತಿದ್ದೆ. ಒಳಲೆಯಲ್ಲಿ, ಸಿರಿಂಜಿನಲ್ಲಿ ಹಾಲು ಹೊಯ್ಯೋಕೆ ಯಾರಾದರೂ ಬಂದರೆ ತಡೆಯಿರಿ. ನಿತ್ರಾಣವಾದ ಬೆಕ್ಕಿಗೆ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ನೀರು ಪಕ್ಕದಲ್ಲಿಡಿ, ಬೇಕಾದರೆ ತಾನೇ ಕುಡಿಯುತ್ತೆ. ಈ ರಾತ್ರಿ ಒಂದಿಷ್ಟು ಮೀನು ತಿಂದರೆ ತಿನ್ನಲಿ.

ತೀರ್ಥಹಳ್ಳಿ ಕಡೆಯಿಂದ, ಭಾನುವಾರ ಬೆಳಗ್ಗೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಉಸಿರು 28 ಇತ್ತು, ವಸಡು ಗುಲಾಬಿ ಇದೆ. ಮೊಟ್ಟೆ ಕಾಣಲಿಲ್ಲ. ತೊಳೆಯೋಕೆ ಬಿಡಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಎರಡು ತುತ್ತು ಮೀನು ತಿಂದಿದೆ, ನೀರು ಕುಡಿದಿದೆ. ಅತ್ತೆಯವರೇ ಈಗ ಬಾಗಿಲಲ್ಲಿ ಕಾವಲು ಕೂತಿದ್ದಾರೆ. ಪೇಪರ್ ಮಾತ್ರ ಒಣಗೇ ಇದೆ, ರಾತ್ರಿಯಿಡೀ ಮೂತ್ರ ಮಾಡಿಲ್ಲ. ಇನ್ನೊಂದು ವಿಷಯ, ಬಾಲ ಎತ್ತುತ್ತಲೇ ಇಲ್ಲ, ಹಗ್ಗದ ಹಾಗೆ ಬಿದ್ದಿದೆ. ಒಟ್ಟಾರೆ ಚುರುಕಾಗಿದೆ. ಸೋಮವಾರದವರೆಗೆ ಕಾಯಬಹುದಾ?

ಹಾಸನದಿಂದ, ಪಶುವೈದ್ಯೆ

ಬೇಡ, ಇವತ್ತೇ ಹೊರಡಿ. ಬಾಲ ಜೋತುಬಿದ್ದು ಮೂತ್ರವೂ ಆಗಿಲ್ಲ ಅಂದ್ರೆ ಇದು ಬರೀ ಜಗಳದ ಗಾಯ ಅಲ್ಲದಿರಬಹುದು. ಚಕ್ರಕ್ಕೆ ಬಾಲ ಸಿಕ್ಕಿ ಜೋರಾಗಿ ಎಳೆದಾಗ ಬಾಲದ ಬುಡದ ನರಗಳು ಜಗ್ಗಿ ಹೋಗುತ್ತವೆ. ಮೂತ್ರಚೀಲಕ್ಕೆ ಹೋಗುವ ನರಗಳೂ ಅಲ್ಲೇ ಇವೆ. ಚೀಲ ತುಂಬಿದರೂ ಅದಕ್ಕೆ ಖಾಲಿ ಮಾಡೋಕೆ ಆಗಲ್ಲ. ಪೆಟ್ಟು ಬಿದ್ದು ಚೀಲ ಒಡೆದಿರುವ ಸಾಧ್ಯತೆಯೂ ಇದೆ. ಹೊಟ್ಟೆ ಒತ್ತಿ ನೋಡಬೇಡಿ. ಬಾಲ ಎಳೆದು ನೋಡಬೇಡಿ.

ಎಕ್ಸ್-ರೇ ಇರುವ ಕಡೆಗೇ ಹೋಗಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಖಾಸಗಿ ಕ್ಲಿನಿಕ್‌ಗಳೂ ಇವೆ. ಭಾನುವಾರವಾದ್ದರಿಂದ ಫೋನ್ ಮಾಡಿ, ಡಾಕ್ಟರ್ ಇದ್ದಾರೆ, ಎಕ್ಸ್-ರೇ ಆಗುತ್ತೆ ಅಂತ ಖಾತ್ರಿ ಮಾಡಿಕೊಂಡೇ ಹೊರಡಿ. 1962 ನಂಬರಿನ ಪಶು ಸಹಾಯವಾಣಿಯ ಗಾಡಿ ಮುಖ್ಯವಾಗಿ ದನಕರುಗಳಿಗೆ. ಬೆಕ್ಕಿಗೆ ಅದನ್ನೇ ನಂಬಿ ಕೂರಬೇಡಿ, ಹತ್ತಿರದಲ್ಲಿ ಯಾರು ಸಿಗುತ್ತಾರೆ ಅಂತ ಬೇಕಾದರೆ ಕೇಳಿ ನೋಡಿ. ಇನ್ನು ಊಟ ಕೊಡಬೇಡಿ, ಅರಿವಳಿಕೆ ಕೊಡಬೇಕಾಗಬಹುದು. ನೀರು ಇಟ್ಟಿರಲಿ. ಅಲ್ಲಿ ಹೋದ ಕೂಡಲೇ ಮೂತ್ರ ಮತ್ತು ಬಾಲದ ವಿಷಯ ಮೊದಲು ಹೇಳಿ. ಕಾಲಿನ ಗಾಯ ಅವರ ಕಣ್ಣಿಗೆ ತಾನಾಗೇ ಬೀಳುತ್ತೆ.